ಅಪ್ಪ ಒಪ್ಪಿದರೂ ಆಗದ ಕೆಲಸ

ನನ್ನ ವಿಷಯ ಯಾರಿಗೆ, ಎಷ್ಟು ಗೊತ್ತಾಗಬೇಕು ಎಂಬುದು ನನ್ನ ಕೈಯಲ್ಲಿರುವುದೇ ಖಾಸಗಿತನ. ಇದು ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಅರ್ಜಿದಾರರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಮುಂದೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ಲೆಕ್ಕದಲ್ಲಿ 18 ತುಂಬದವರೆಲ್ಲ ಮಕ್ಕಳು.

ಸೇಡಂ, ಶಹಾಬಾದ್ ಕಡೆ ಪಾಲಕರ ಮುಂದೆ ಮಕ್ಕಳ ಖಾಸಗಿತನದ ಮಾತೆತ್ತಿದರೆ ಉತ್ತರ ಒಂದೇ: "ಫೋನ್ ಕೊಟ್ಟವ್ರು ನಾವೇ ಅಲ್ರೀ, ಕಂಪನೀದೇನ್ ತಪ್ಪು?" ಎಡವುವುದು ಇಲ್ಲೇ. ಕಾಯ್ದೆಯ 9ನೇ ಕಲಮು ಪಾಲಕರ ಒಪ್ಪಿಗೆ ಕೇಳುತ್ತದೆ, ನಿಜ. ಆದರೆ ಅದರ ಪಕ್ಕದಲ್ಲೇ ಇನ್ನೊಂದು ಕಟ್ಟಳೆಯಿದೆ: ಮಗುವಿನ ನಡವಳಿಕೆಯ ಬೆನ್ನು ಹತ್ತಕೂಡದು, ಮಗುವಿಗೆ ಗುರಿಯಿಟ್ಟು ಜಾಹೀರಾತು ತೋರಿಸಕೂಡದು. ಅಪ್ಪ ಒಪ್ಪಿದರೂ ಕೂಡದು. ಮೀರಿದರೆ ದಂಡ 200 ಕೋಟಿ ರೂಪಾಯಿವರೆಗೆ.

ಬೆನ್ನು ಹತ್ತುವುದೆಂದರೇನು? ವಾಡಿಯ ಹತ್ತನೇ ತರಗತಿಯ ಹುಡುಗಿಯೊಬ್ಬಳು ಮೊಡವೆಯ ರೀಲ್ಸ್ ಬಂದಾಗ ನಾಲ್ಕು ಸೆಕೆಂಡ್ ಹೆಚ್ಚು ನಿಂತಳು ಎನ್ನಿ. ಲೈಕ್ ಒತ್ತಲಿಲ್ಲ, ಏನೂ ಬರೆಯಲಿಲ್ಲ. ಆ ನಾಲ್ಕು ಸೆಕೆಂಡೂ ದಾಖಲಾಗುತ್ತದೆ. ರಾತ್ರಿ ಎಷ್ಟು ಹೊತ್ತಿಗೆ ನೋಡಿದಳು, ಯಾವುದನ್ನು ಸರಕ್ಕನೆ ಸರಿಸಿದಳು, ಯಾವುದನ್ನು ಮತ್ತೆ ನೋಡಿದಳು, ಎಲ್ಲ ಕೂಡಿ "ತನ್ನ ಮುಖದ ಬಗ್ಗೆ ಅಳುಕಿರುವ ಹುಡುಗಿ" ಎಂಬ ಊಹೆ ಸಿದ್ಧವಾಗುತ್ತದೆ. ಮರುದಿನ ಕ್ರೀಮುಗಳ ಸಾಲು. ಅವಳು ಗೆಳತಿಗೂ ಹೇಳದ ಸಂಗತಿ ಇದು. ಹೇಳದೇ ಇದ್ದುದಕ್ಕೆ ಅಪ್ಪ ಒಪ್ಪಿಗೆ ಕೊಡುವುದಾದರೂ ಹೇಗೆ?

ತಪ್ಪು ಸೆಟ್ಟಿಂಗಿನಲ್ಲೇ ಕೂತಿರುವುದೂ ಉಂಟು. ಎಷ್ಟು ಜನ ನೋಡಿದರೆಂದು ತಿಳಿಯುವ ಆಸೆಗೆ ಹದಿಹರೆಯದವರು ಇನ್‌ಸ್ಟಾಗ್ರಾಮಿನಲ್ಲಿ ಬಿಸಿನೆಸ್ ಖಾತೆಗೆ ಬದಲಾದರು. ಅವರ ಫೋನ್ ನಂಬರು, ಇಮೇಲು ಊರಿಗೆಲ್ಲ ಕಾಣುವಂತಾಯಿತು. ಇದಕ್ಕಾಗಿ ಐರ್ಲೆಂಡಿನ ದತ್ತಾಂಶ ಸಂರಕ್ಷಣಾ ಆಯೋಗ 2022ರಲ್ಲಿ ಕಂಪನಿಗೆ ಹಾಕಿದ ದಂಡ 40.5 ಕೋಟಿ ಯೂರೊ.

ಈಗ ನಮ್ಮ ಕಡೆಯ ತೊಡಕು. ಚಿಂಚೋಳಿ, ಚಿತ್ತಾಪುರದ ಹಳ್ಳಿಗಳಿಂದ ದುಡಿಯಲು ಮುಂಬೈ, ಹೈದರಾಬಾದಿಗೆ ಹೋಗುವವರು ಬಹಳ. ಮಗ ಅಜ್ಜಿಯ ಹತ್ತಿರ. ಮನೆಗೊಂದೇ ಫೋನು, ಸಿಮ್ಮು ಅಪ್ಪನದು, ಖಾತೆಯಲ್ಲಿರುವುದೂ ಅಪ್ಪನ ಜನ್ಮವರ್ಷ. 2025ರ ನವೆಂಬರಿನಲ್ಲಿ ಬಂದ ಕಾಯ್ದೆಯ ನಿಯಮಗಳು ಪಾಲಕರ ಗುರುತು ಖಚಿತಪಡಿಸಲು ಡಿಜಿಲಾಕರಿನ ದಾರಿಯನ್ನೂ ತೋರಿಸುತ್ತವೆ. ಆದರೆ ಆಪ್‌ನ ಕಣ್ಣಿಗೆ ಈ ಮನೆಯಲ್ಲಿ ಮಗುವೇ ಇಲ್ಲವಲ್ಲ! "ನಮಗೆ ಗೊತ್ತಿರಲಿಲ್ಲ" ಎಂದು ಕಂಪನಿಗಳು ಪೂರ್ತಿ ಜಾರಿಕೊಳ್ಳುವಂತಿಲ್ಲ: ಸುಳ್ಳು ವಯಸ್ಸು ಹಾಕಿದ ಹದಿಹರೆಯದವರನ್ನು ಕೃತಕ ಬುದ್ಧಿಮತ್ತೆಯಿಂದ ಗುರುತಿಸುವ ಮಾತನ್ನು ಇನ್‌ಸ್ಟಾಗ್ರಾಮಿನ ಒಡೆಯ ಮೆಟಾ ಕಂಪನಿಯೇ ಆಡಿದೆ. ಅದರಲ್ಲೂ ತೊಡಕಿದೆ. ವಯಸ್ಸು ಊಹಿಸಬೇಕಾದರೆ ಇನ್ನಷ್ಟು ಬೆನ್ನು ಹತ್ತಬೇಕು. ನನಗೆ ಕಾಣುವ ನೇರ ದಾರಿ ಬೇರೆ: ಯಾರದೇ ಖಾತೆಯಿರಲಿ, ಮುಚ್ಚಿದ ಸ್ಥಿತಿಯಲ್ಲೇ ಶುರುವಾಗಲಿ, ತೆರೆಯುವವರು ತಾವಾಗಿ ತೆರೆದುಕೊಳ್ಳಲಿ. ಆಗ ವಯಸ್ಸು ಕೆದಕುವ ಗೋಜು ಬಹುಪಾಲು ತಪ್ಪುತ್ತದೆ.

ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಲ್ಲಿ ಒಂದು ಬೇಡಿಕೆ. ಒಂದೇ ಫೋನಿನ ಮನೆಗಳನ್ನು ಹುಡುಕಿ, ಅವರ ಒಪ್ಪಿಗೆ ಪಡೆದು, ಒಂದು ಬೇಸಿಗೆ ಅಧ್ಯಯನ ಮಾಡಿ. ಯಾವ ಹೊತ್ತಿಗೆ ಫೋನು ಯಾರ ಕೈಯಲ್ಲಿರುತ್ತದೆ, ಆಗ ಯಾವ ಜಾಹೀರಾತು ಬರುತ್ತದೆ ಎಂದು ಬರೆದಿಟ್ಟುಕೊಳ್ಳಿ. ಹೆಸರು, ನಂಬರು ಮಾತ್ರ ಬರೆಯಬೇಡಿ.