ಹುಲಿ ಹಿಕ್ಕೆ ಹೇಳುವ ಕಥೆ

'ಕಾಡಲ್ಲಿ ನಿಂಗೇನು ಕೆಲಸ?' ಅಂತ ನೆಂಟರು ಕೇಳಿದಾಗೆಲ್ಲ ನನ್ನದು ಒಂದೇ ಉತ್ತರ: 'ಹುಲಿ ಹಿಕ್ಕೆ ಹುಡುಕೋದು.' ಎಲ್ಲರೂ ನಗ್ತಾರೆ. ಆದರೆ ಒಂದು ಹಿಕ್ಕೆಯಿಂದ ಅದು ಹುಲಿಯದೋ ಚಿರತೆಯದೋ, ಗಂಡೋ ಹೆಣ್ಣೋ, ಅದರ ಬಳಗ ಯಾವುದು ಅಂತ ಹೇಳಬಹುದು ಗೊತ್ತಾ?

ಡಿಎನ್‌ಎ ಬೇಕು ಅಂದರೆ ಹುಲಿಗೆ ಅರಿವಳಿಕೆ ಕೊಟ್ಟು ರಕ್ತ ತೆಗೀಬೇಕು ಅಂತ ಹಲವರು ಅಂದುಕೊಂಡಿರ್ತಾರೆ. ಹಾಗೇನಿಲ್ಲ. ಕರುಳಿನ ಒಳಪದರದ ಜೀವಕೋಶಗಳು ಹಿಕ್ಕೆಯ ಹೊರಮೈಗೆ ಅಂಟಿಕೊಂಡು ಬರುತ್ತವೆ. ಉದುರಿದ ಕೂದಲು, ಬೇಟೆಯ ಮೇಲಿನ ಜೊಲ್ಲು ಕೂಡ ಉಪಯೋಗಕ್ಕೆ ಬರುತ್ತವೆ. ಪ್ರಾಣಿ ಸತ್ತಿದ್ದರೆ ಮರಣೋತ್ತರ ಪರೀಕ್ಷೆಯ ಹೊತ್ತಿಗೆ ಸ್ನಾಯುವಿನ ಸಣ್ಣ ತುಂಡನ್ನು ಎಥನಾಲ್‌ನಲ್ಲಿ ಹಾಕಿಡುತ್ತಾರೆ.

ಕೆಲಸ ಸರಳ, ಶಿಸ್ತು ಜಾಸ್ತಿ. ಪ್ರತಿ ಮಾದರಿಗೂ ಹೊಸ ಕೈಗವಸು. ಇಲ್ಲದಿದ್ದರೆ ಒಂದರ ಡಿಎನ್‌ಎ ಇನ್ನೊಂದಕ್ಕೆ ಸೇರಿಬಿಡುತ್ತೆ. ಬಿಸಿಲು, ಮಳೆಗೆ ಡಿಎನ್‌ಎ ಬೇಗ ಹಾಳಾಗುವುದರಿಂದ ತಾಜಾ ಹಿಕ್ಕೆಯೇ ಬೇಕು. ದಿನಾಂಕ, ಜಿಪಿಎಸ್ ಗುರುತನ್ನು ಪೆನ್ಸಿಲ್‌ನಲ್ಲೇ ಬರೀತೀವಿ, ಎಥನಾಲ್ ತಾಗಿದರೆ ಪೆನ್ನಿನ ಶಾಯಿ ಅಳಿಸಿಹೋಗುತ್ತೆ. ಎಲ್ಲಿ ಸಿಕ್ಕಿತು ಅನ್ನೋದೇ ಗೊತ್ತಿಲ್ಲದ ಮಾದರಿಯಿಂದ ಆ ಕಾಡಿನ ಬಗ್ಗೆ ಏನೂ ಹೇಳಕ್ಕಾಗಲ್ಲ.

ಇಷ್ಟೆಲ್ಲ ಯಾಕೆ? ಒಡಿಶಾದ ಸಿಮಿಲಿಪಾಲ್ ನೋಡಿ. ಅಲ್ಲಿನ ಕೆಲವು ಹುಲಿಗಳ ಪಟ್ಟೆ ಎಷ್ಟು ಅಗಲ ಅಂದರೆ ಮೈಯೇ ಕಪ್ಪಾಗಿ ಕಾಣುತ್ತೆ. ಬೆಂಗಳೂರಿನ ಎನ್‌ಸಿಬಿಎಸ್‌ನ ಉಮಾ ರಾಮಕೃಷ್ಣನ್ ಅವರ ತಂಡ, ಮೃಗಾಲಯದ ಹುಲಿಗಳ ಮಾದರಿಗಳ ಜೊತೆಗೆ ಕಾಡಿನಿಂದ ಹೆಕ್ಕಿ ತಂದ ಮಾದರಿಗಳನ್ನೂ ಪರೀಕ್ಷಿಸಿ 2021ರಲ್ಲಿ ಕಾರಣ ಹೇಳಿತು: ಒಂದೇ ಜೀನ್‌ನಲ್ಲಿ ಒಂದೇ ಅಕ್ಷರದ ಬದಲಾವಣೆ. ದೇಶದ ಬೇರೆ ಕಾಡುಗಳ ಹುಲಿಗಳಲ್ಲಿ ಅದು ಸಿಗಲಿಲ್ಲ. ಅಂದರೆ ಸಿಮಿಲಿಪಾಲ್‌ನ ಹುಲಿಗಳು ಹೊರಗಿನ ಸಂಬಂಧವಿಲ್ಲದೆ ತಮ್ಮ ತಮ್ಮಲ್ಲೇ ಬೆಳೆದಿವೆ. ನೋಡೋಕೆ ಚೆಂದ, ಆದರೆ ಇದು ಅಪಾಯದ ಗಂಟೆ.

2024ರಲ್ಲಿ ಮಹಾರಾಷ್ಟ್ರದ ತಾಡೋಬಾದಿಂದ ಎರಡು ಹೆಣ್ಣುಹುಲಿಗಳನ್ನು ಅಲ್ಲಿಗೆ ತಂದರು. ಅದರಲ್ಲಿ ಜೀನತ್ ಜಾರ್ಖಂಡ್ ದಾಟಿ ಪಶ್ಚಿಮ ಬಂಗಾಳಕ್ಕೆ ಹೋಗಿಬಿಟ್ಟಳು, ಹಿಡಿದು ವಾಪಸ್ ತರಬೇಕಾಯಿತು. ಹುಲಿಯನ್ನು ಲಾರಿಯಲ್ಲಿ ಸಾಗಿಸೋದು ಸುಲಭವಲ್ಲ. ಕಾಡು ಕಾಡಿನ ನಡುವೆ ದಾರಿ ಉಳಿಸಿಕೊಂಡರೆ ಅವೇ ಓಡಾಡಿಕೊಳ್ಳುತ್ತವೆ.

ಟ್ರೆಕ್ಕಿಂಗ್‌ನಲ್ಲಿ ನಿಮಗೆ ಹಿಕ್ಕೆಯೋ ಕೂದಲೋ ಕಂಡರೆ ಮುಟ್ಟಬೇಡಿ, ಎತ್ತಿಕೊಳ್ಳಬೇಡಿ. ನಾವೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ತೆಗೆಯೋ ಹಾಗಿಲ್ಲ. ಒಂದು ಫೋಟೊ ತೆಗೆದು, ಜಾಗದ ಲೊಕೇಶನ್ ಸಮೇತ ಅಲ್ಲಿನ ಗಾರ್ಡ್‌ಗೆ ಕೊಡಿ. ಅಷ್ಟು ಸಾಕು.