ಎಂ.ಎ. ದಾರಿ ಶುರುವಾಗುವುದು ಬಿ.ಎ. ಮೊದಲ ವರ್ಷದಲ್ಲಿ

ಪಾಂಡವಪುರದ ಸುತ್ತಿನ ಹಳ್ಳಿಗಳಿಂದ ಪದವಿ ತರಗತಿಗೆ ಬರುವ ಮಕ್ಕಳಿಗೆ ಇತಿಹಾಸ ಹೇಳಿಕೊಡುವವನು ನಾನು. ಕೊನೆಯ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಒಬ್ಬೊಬ್ಬರಾಗಿ ಬಂದು ಕೇಳುತ್ತಾರೆ: "ಎಂ.ಎ. ಸೇರೋಕೆ ಏನೇನ್ ಬೇಕು ಸಾರ್?" ಮೂರು ವರ್ಷ ಮೊದಲೇ ಕೇಳಬೇಕಾದ ಪ್ರಶ್ನೆ ಇದು ಎಂಬುದೇ ನನ್ನ ಸಂಕಟ.

ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಯಾವ ವಿಷಯದ ಎಂ.ಎ. ಬೇಕೋ ಅದನ್ನು ಸಾಮಾನ್ಯವಾಗಿ ಪದವಿಯಲ್ಲಿ ಐಚ್ಛಿಕವಾಗಿ ಓದಿರಬೇಕು. ಅದರಲ್ಲಿ ಶೇ. 45 ಅಂಕವೂ ಇರಬೇಕು. ಪರಿಶಿಷ್ಟರಿಗೆ, ಪ್ರವರ್ಗ-1ರವರಿಗೆ ಶೇ. 40. ಸ್ನೇಹಿತ ತೆಗೆದುಕೊಂಡನೆಂದು ಕಾಂಬಿನೇಷನ್ ಆರಿಸಿದವರಿಗೆ ಬಾಗಿಲು ಮುಚ್ಚುವುದು ಇಲ್ಲೇ.

ಸೀಟು ಸಿಕ್ಕಮೇಲೆ ಕ್ರೆಡಿಟ್ ಲೆಕ್ಕ. ವಾರಕ್ಕೊಂದು ಗಂಟೆಯ ಪಾಠ ಸೆಮಿಸ್ಟರ್ ಪೂರ್ತಿ ನಡೆದರೆ ಒಂದು ಕ್ರೆಡಿಟ್. ಟ್ಯುಟೋರಿಯಲ್ ಅಥವಾ ಪ್ರಾಯೋಗಿಕವಾದರೆ ಅದಕ್ಕೆ ವಾರಕ್ಕೆ ಎರಡು ಗಂಟೆ. ನಾಲ್ಕು ಸೆಮಿಸ್ಟರ್‌ಗಳಲ್ಲಿ 76 ಕ್ರೆಡಿಟ್ ಕೂಡಬೇಕು. ಹಾರ್ಡ್ ಕೋರ್ ಓದಲೇಬೇಕಾದ ಪತ್ರಿಕೆ, ಸಾಫ್ಟ್ ಕೋರ್ ನಿಮ್ಮ ವಿಭಾಗದಲ್ಲೇ ಆಯ್ದುಕೊಳ್ಳುವಂಥದ್ದು, ಮುಕ್ತ ಐಚ್ಛಿಕ ಬೇರೆ ವಿಭಾಗದ್ದು. ಇತಿಹಾಸದ ಹುಡುಗಿ ಅರ್ಥಶಾಸ್ತ್ರದ ತರಗತಿಯಲ್ಲಿ ಕೂರಬಹುದಾದ ಈ ಏರ್ಪಾಡು ನನಗೆ ಬಹಳ ಇಷ್ಟ.

ಪರೀಕ್ಷೆಯೂ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಸೆಮಿಸ್ಟರಿನ ಮೊದಲರ್ಧದಲ್ಲಿ ಸಿ-1, ಉಳಿದರ್ಧದಲ್ಲಿ ಸಿ-2, ಕೊನೆಗೆ ಸಿ-3. ಮೊದಲೆರಡು ಕಿರುಪರೀಕ್ಷೆ, ಸೆಮಿನಾರ್, ಅಸೈನ್‌ಮೆಂಟ್‌ಗಳಲ್ಲಿ ನಡೆಯುತ್ತವೆ. ಹಾಜರಾತಿ ಶೇ. 75 ಇರಲೇಬೇಕು. ನಮ್ಮ ಮಕ್ಕಳು ಸೋಲುವುದು ಬುದ್ಧಿ ಸಾಲದೆ ಅಲ್ಲ, ಇಲ್ಲಿ. ಕಬ್ಬು ಕಡಿಯುವ ಕಾಲ, ನೆಂಟರ ಮದುವೆ, ಊರ ಹಬ್ಬ ಎಂದು ಮನೆಯವರೇ ಉಳಿಸಿಕೊಳ್ಳುತ್ತಾರೆ. ಹೆಣ್ಣುಮಕ್ಕಳನ್ನಂತೂ ಇನ್ನೂ ಹೆಚ್ಚು. ಹೋದ ಸೆಮಿನಾರ್ ಮತ್ತೆ ಬರುವುದಿಲ್ಲ. ತಂದೆತಾಯಂದಿರು ಇದನ್ನು ಬರೆದು ಗೋಡೆಗೆ ಅಂಟಿಸಿಕೊಳ್ಳಲಿ.

ಇನ್ನೊಂದು ಮಾತು. ಪಾಸಾದರೆ ಸಾಲದು. ಯುಜಿಸಿ ನೆಟ್, ಕೆ-ಸೆಟ್ ಎರಡಕ್ಕೂ ಸಾಮಾನ್ಯ ವರ್ಗದವರಿಗೆ ಸ್ನಾತಕೋತ್ತರದಲ್ಲಿ ಶೇ. 55 ಬೇಕು, ಮೀಸಲಾತಿಯವರಿಗೆ ಶೇ. 50. ಉಪನ್ಯಾಸಕರಾಗುವ ಕನಸಿದ್ದವರು ಮೊದಲ ಸೆಮಿಸ್ಟರಿನಿಂದಲೇ ಈ ಅಂಕ ಕಣ್ಣಮುಂದಿಟ್ಟುಕೊಳ್ಳಬೇಕು.

ನಮ್ಮ ಸೀಮೆಗೆ ಎಂ.ಎ. ಹೊಸದೇನಲ್ಲ. ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಮನೆತನದ ಬಿ.ಎಂ. ಶ್ರೀಕಂಠಯ್ಯನವರು ಅದನ್ನು ಮದರಾಸಿನಲ್ಲಿ ಪಡೆಯಬೇಕಾಯಿತು, ಏಕೆಂದರೆ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದೇ 1916ರಲ್ಲಿ. ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ ಹುಟ್ಟಿದ ಎ.ಎನ್. ಮೂರ್ತಿರಾಯರಿಗೆ ಅದು ಮೈಸೂರಿನಲ್ಲೇ ದಕ್ಕಿತು. ಕನ್ನಡ ಎಂ.ಎ. ಅಲ್ಲಿ ಆರಂಭವಾದದ್ದು 1927ರಲ್ಲಿ. ಈಗ ಮಂಡ್ಯದ ಹತ್ತಿರ ತೂಬಿನಕೆರೆಯಲ್ಲೇ ಸರ್ ಎಂ. ವಿಶ್ವೇಶ್ವರಯ್ಯ ಸ್ನಾತಕೋತ್ತರ ಕೇಂದ್ರವಿದೆ.

ಕೆಲಸ ಬಿಡಲಾಗದವರಿಗೆ 1996ರಲ್ಲಿ ಆರಂಭವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಇದೆ; ಅಂಗಡಿ ನೋಡಿಕೊಳ್ಳುವವರಿಗೆ, ಮಕ್ಕಳಾದ ಮೇಲೆ ಓದಬಯಸುವ ತಾಯಂದಿರಿಗೆ ನಾನು ಧೈರ್ಯವಾಗಿ ಅದನ್ನೇ ಹೇಳುತ್ತೇನೆ. ಆದರೆ ಈಗಷ್ಟೇ ಬಿ.ಎ. ಮುಗಿಸಿದವರು ಬೆಳಗಿನ ರೈಲು ಹತ್ತಿ ಮೈಸೂರಿಗೆ ಹೋಗಲಿ, ಮಾನಸಗಂಗೋತ್ರಿಯ ಗ್ರಂಥಾಲಯದಲ್ಲಿ ಕೂತು ಬರಲಿ.