ಅಳವು, ಆರ್ಪು, ಸಾಧ್ಯ

ಕೈಗೊಂಡ ಕಾರ್ಯವು ನೆರವೇರುವಂಥದೋ ಅಲ್ಲವೋ ಎಂಬುದನ್ನು ಹೇಳುವುದಕ್ಕೆ ಕನ್ನಡದಲ್ಲಿ ಮಾತಿನ ಬಡತನವಿಲ್ಲ. ಹಾಗಿದ್ದೂ ಈಚೆಗೆ ಕಚೇರಿಯ ಕಾಗದಗಳಲ್ಲಿಯೂ ವೃತ್ತಪತ್ರಿಕೆಗಳಲ್ಲಿಯೂ ‘ವಾಸ್ತವಿಕ ಗುರಿ’ ಎಂಬ ಜೋಡುನುಡಿಯೊಂದೇ ಎಲ್ಲ ಭಾರವನ್ನೂ ಹೊರುತ್ತಿದೆ. ಇಂಗ್ಲಿಷಿನ ಪದಗಳನ್ನು ಒಂದೊಂದಾಗಿ ಮಗುಚಿಟ್ಟ ಈ ನುಡಿಯಿಂದ ಗುರಿಯು ಕನಸಿನದಲ್ಲವೆಂದು ತಿಳಿಯುತ್ತದೆಯೇ ಹೊರತು, ಅದು ಯಾರಿಗೆ, ಯಾವ ಬಲದಿಂದ, ಎಷ್ಟರ ಮಟ್ಟಿಗೆ ಕೈಗೂಡೀತೆಂಬುದು ತಿಳಿಯುವುದಿಲ್ಲ.

ಸಂಸ್ಕೃತದಿಂದ ಬಂದ ‘ಶಕ್ಯ’, ‘ಸಾಧ್ಯ’ಗಳನ್ನು ನಾವು ಒಂದೇ ಅರ್ಥದಲ್ಲಿ ಬಳಸುತ್ತೇವೆ. ಆದರೆ ಮೊದಲನೆಯದು ಮಾಡುವವನ ಶಕ್ತಿಯನ್ನು ನೋಡುತ್ತದೆ. ಎರಡನೆಯದು ಮಾಡತಕ್ಕ ಕೆಲಸವನ್ನು ನೋಡುತ್ತದೆ. ಪೂಜೆಯ ಸಂಕಲ್ಪದಲ್ಲಿ ‘ಯಥಾಶಕ್ತಿ’ ಎನ್ನುವವನು ತನ್ನ ಬಲವನ್ನು ಅಳೆದುಕೊಂಡೇ ಮಾತು ಕೊಡುತ್ತಾನೆ. ‘ಸಾಧ್ಯ’ವನ್ನು ಬಹು ಸೂಕ್ಷ್ಮವಾಗಿ ತೂಗಿದವರು ವೈದ್ಯರು. ಚರಕಸಂಹಿತೆಯು ಸಾಧ್ಯವಾದ ವ್ಯಾಧಿಗಳಲ್ಲಿ ಸುಖಸಾಧ್ಯ, ಕೃಚ್ಛ್ರಸಾಧ್ಯ ಎಂದು ಎರಡು ಬಗೆಯನ್ನು ಹೇಳುತ್ತದೆ. ಅಸಾಧ್ಯವೆಂಬುದನ್ನೂ ಒಂದೇ ಏಟಿಗೆ ಕೈಬಿಡದೆ, ವಾಸಿಯಾಗದಿದ್ದರೂ ಪಥ್ಯ ಚಿಕಿತ್ಸೆಗಳಿಂದ ತಡೆಹಿಡಿಯಬಹುದಾದುದನ್ನು ‘ಯಾಪ್ಯ’ವೆಂದು ಬೇರೆಯಾಗಿಡುತ್ತದೆ. ವೈದ್ಯನು ತನ್ನ ಗುರಿಯನ್ನು ಗೊತ್ತುಮಾಡಿಕೊಳ್ಳುವ ಮೊದಲು ಈ ವಿಂಗಡಣೆಯನ್ನು ಮಾಡಿಕೊಳ್ಳಬೇಕು. ‘ಯಾಪ್ಯ’ ಎಂಬ ಮಾತು ವೈದ್ಯರ ಗ್ರಂಥಗಳಾಚೆ ನಮ್ಮ ಆಡುನುಡಿಗೆ ಇಳಿಯದೆ ಹೋದದ್ದು ನಮ್ಮ ನಷ್ಟವೆಂದೇ ಹೇಳಬೇಕು.

ಅಚ್ಚಗನ್ನಡದ ಮಾತುಗಳಲ್ಲಿ ಇನ್ನೊಂದು ಸ್ವಾರಸ್ಯವಿದೆ. ಹಳಗನ್ನಡದಲ್ಲಿ ‘ಆರ್’ ಎಂದರೆ ಸಮರ್ಥವಾಗು. ‘ಆರ್ಪು’ ಎಂದರೆ ಸಾಮರ್ಥ್ಯ. ಈ ಧಾತುವು ಇಂದು ತಾನಾಗಿ ಉಳಿದಿಲ್ಲ. ಆದರೆ ನಿಷೇಧದ ಮರೆಯಲ್ಲಿ ಬದುಕಿಕೊಂಡಿದೆ: ‘ಮಾಡಲಾರೆ’ ಎಂಬುದು ‘ಮಾಡಲ್’, ‘ಆರೆ’ ಎಂಬೆರಡು ಸೇರಿ ಆದದ್ದು. ಆಗುತ್ತದೆಂದು ಹೇಳಬೇಕಾದಾಗ ನಾವು ‘ಮಾಡಬಲ್ಲೆ’ ಎನ್ನುತ್ತೇವೆ. ಅಲ್ಲಿರುವ ‘ಬಲ್ಲೆ’ಯು ತಿಳಿವಳಿಕೆಯ ಮಾತು. ಒಪ್ಪುವಾಗ ಅರಿವನ್ನೂ ಒಲ್ಲದಾಗ ಬಲದ ಕೊರತೆಯನ್ನೂ ಮುಂದಿಡುವ ಈ ರೀತಿಯನ್ನು ಯಾರೂ ಕುಳಿತು ಕಟ್ಟಿದ್ದಲ್ಲ.

‘ಎಟುಕು’, ‘ನಿಲುಕು’ಗಳು ಕೈಯಿಂದ ಹುಟ್ಟಿದವು. ಎಟುಕುವುದಕ್ಕೆ ತೋಳು ಚಾಚಿದರೆ ಸಾಕು. ನಿಲುಕುವುದರಲ್ಲಿ ಹಿಮ್ಮಡಿಯೆತ್ತಿ ಮೈನೀಡಿ ನಿಲ್ಲುವ ಭಾವವೂ ಉಂಟು. ‘ದಕ್ಕು’ ಎಂಬುದು ಇನ್ನೂ ಮುಂದಿನದು: ಕೈಗೆ ಬಂದದ್ದು ಕೈಯಲ್ಲಿಯೇ ನಿಂತೀತೇ ಎಂದು ಕೇಳುವ ಮಾತು. ಸೀಮೆಸೀಮೆಗೂ ಮಾತು ಬೇರೆ. ಮೈಸೂರಿನ ಕಡೆಯವರು ‘ಕೈಲಾಗದು’ ಎಂದರೆ ಉತ್ತರದ ಜಿಲ್ಲೆಗಳವರು ‘ನನ್ನಿಂದ ನೀಗುವುದಿಲ್ಲ’ ಎನ್ನುತ್ತಾರೆ. ಕಾಸರಗೋಡು ಪುತ್ತೂರುಗಳ ಹವ್ಯಕರು ಆಗುವುದಕ್ಕೆ ‘ಎಡಿಗು’, ಆಗದುದಕ್ಕೆ ‘ಎಡಿಯ’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ.

ಇವೆಲ್ಲಕ್ಕಿಂತ ನಮಗೆ ಮೆಚ್ಚುಗೆಯಾದದ್ದು ‘ಅಳವು’. ಅಳೆಯುವುದರಿಂದ ಬಂದ ಈ ಹಳೆಯ ಮಾತಿಗೆ ಪರಿಮಾಣವೆಂದೂ ಅರ್ಥ, ಸಾಮರ್ಥ್ಯವೆಂದೂ ಅರ್ಥ, ಆಗಬಹುದಾದುದೆಂದೂ ಅರ್ಥ. ‘ಅಳವಲ್ಲ’ ಎಂದರೆ ಆಗದು. ಅಳೆಯದೆ ಆಗುತ್ತದೆಂದು ಹೇಳಬಾರದೆಂಬ ಎಚ್ಚರಿಕೆಯು ಶಬ್ದದ ಬೇರಿನಲ್ಲಿಯೇ ಇದೆ.

ಹೊಸಪೇಟೆಯ ದಕ್ಷಿಣಕ್ಕಿರುವ ಮರಿಯಮ್ಮನಹಳ್ಳಿಯ ಕಡೆಗೆ ಹೋದವರಿಗೆ ಈ ಮಾತಿನ ಬೆಲೆ ಕಣ್ಣಿಗೇ ಕಾಣುತ್ತದೆ. ಊರಿನ ಸಮೀಪದವರೆಗೂ ತುಂಗಭದ್ರೆಯ ಹಿನ್ನೀರು ಹರಡಿಕೊಂಡಿದೆ. 1945ರಲ್ಲಿ ಆರಂಭವಾಗಿ 1953ರಲ್ಲಿ ನೀರು ನಿಲ್ಲಿಸಿದ ಆ ಅಣೆಕಟ್ಟಿನಿಂದ ಮುಳುಗಿದ ಹಳ್ಳಿಗಳ ಜನರು ಹೊಸ ನೆಲೆಗಳಿಗೆ ಸರಿಯಬೇಕಾಯಿತು. ಕಾಲುವೆಗಳ ನೀರು ಹರಿಯುವುದು ಕಟ್ಟೆಯ ಕೆಳಗಿನ ಕಂಪ್ಲಿ, ಸಿರುಗುಪ್ಪ, ಗಂಗಾವತಿಗಳ ಬತ್ತದ ಗದ್ದೆಗಳಿಗೆ. ಮೊದಲು ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿದ್ದ ಜಲಾಶಯವು ಹೂಳು ತುಂಬಿ ಈಗ ಸುಮಾರು 105 ಟಿಎಂಸಿಗೆ ಇಳಿದಿದೆ. ಹಳೆಯ ಅಳತೆಯ ಮೇಲೆ ಹಾಕಿಕೊಂಡ ಗುರಿಯು ಇಂದಿನ ಅಳವಿನಲ್ಲಿಲ್ಲ.

2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಬಾಗಿಲುಗಳಲ್ಲಿ 19ನೆಯದು ಸರಪಣಿ ಕಡಿದು ಕೊಚ್ಚಿಹೋಯಿತು. ನೀರನ್ನು ಬಹಳವಾಗಿ ಇಳಿಸಿದ ಹೊರತು ದುರಸ್ತಿಯು ಆಗದೆಂದು ಮೊದಲು ತೋರಿತು. ಇಳಿಸಿದರೆ ಕೆಳಗಿನವರ ಬೆಳೆಗೆ ನೀರಿಲ್ಲ. ಕೊನೆಗೆ ಹರಿಯುವ ನೀರಿನಲ್ಲಿಯೇ ಉಕ್ಕಿನ ಅಡ್ಡತುಂಡುಗಳನ್ನು ಒಂದರ ಮೇಲೊಂದಾಗಿ ಇಳಿಸಿ ಒಂದು ವಾರದೊಳಗೆ ದ್ವಾರವನ್ನು ಮುಚ್ಚಿದರು. ವೈದ್ಯರ ಲೆಕ್ಕದಲ್ಲಿ ಇದು ಕೃಚ್ಛ್ರಸಾಧ್ಯ. ಬಾಗಿಲು ಮೊದಲಿನಂತಾಗಲಿಲ್ಲವಾದ್ದರಿಂದ ಯಾಪ್ಯವೆಂದರೂ ನಡೆದೀತು.

ಇಂಥ ಸಮಯದಲ್ಲಿಯೇ ಮಾತಿನ ಸಡಿಲಿಕೆಯು ಅಪಾಯಕರವಾಗುವುದು. ‘ಎರಡನೆಯ ಬೆಳೆಗೆ ನೀರು ಬಿಡುವ ಸಾಧ್ಯತೆಯಿದೆ’ ಎಂದು ಪ್ರಕಟಣೆಯಲ್ಲಿ ಬಂದರೆ ರೈತನು ಏನೆಂದು ತಿಳಿಯಬೇಕು? ‘ಮಳೆಯಾಗುವ ಸಾಧ್ಯತೆ’ ಎಂಬಲ್ಲಿ ಆ ಮಾತಿಗೆ ಆದೀತು, ಆಗದೆಯೂ ಇದ್ದೀತು ಎಂಬುದಷ್ಟೇ ಅರ್ಥ. ‘ಸಾಧ್ಯ’ವೆಂದರೆ ಮಾಡಿದರೆ ಆಗುವುದು. ಒಂದು ಅದೃಷ್ಟದ ಮಾತು, ಇನ್ನೊಂದು ಅಳತೆಯ ಮಾತು. ಬೀಜಕ್ಕೂ ಗೊಬ್ಬರಕ್ಕೂ ಸಾಲ ತರುವವನು ಇವೆರಡರಲ್ಲಿ ಯಾವುದನ್ನು ನಂಬಿ ಹೊರಟನೆಂಬುದು ಸುಗ್ಗಿಯ ವೇಳೆಗೆ ಗೊತ್ತಾಗುತ್ತದೆ. ಜಲಾಶಯದಲ್ಲಿ ಇಷ್ಟು ನೀರಿದೆ, ಇಷ್ಟು ಎಕರೆಗೆ, ಇಂಥ ತಾರೀಖಿನವರೆಗೆ ಅದು ಸಾಲುತ್ತದೆ, ಅದಕ್ಕೂ ಮೀರಿದ್ದು ಅಳವಲ್ಲ ಎಂದು ಪ್ರಕಟಿಸಿದರೆ ಸಾಕು. ಗುರಿಯು ವಾಸ್ತವಿಕವೇ ಎಂದು ಯಾರೂ ಕೇಳಬೇಕಾಗುವುದಿಲ್ಲ.